ಒಳಮೈಯ ಬೆಸುಗೆ



ಮನುಷ್ಯನು ಕೈಯಿಂದ ಮಾಡುವ ಪ್ರತಿಯೊಂದು ವಸ್ತುವಿಗೂ ಎರಡು ಮೈಗಳಿರುತ್ತವೆ. ಒಂದು ಹೊರಮೈ, ಇನ್ನೊಂದು ಒಳಮೈ. ಹೊರಮೈಯನ್ನು ಕೊಳ್ಳುವವನು ನೋಡುತ್ತಾನೆ, ನೆರೆಯವರು ನೋಡುತ್ತಾರೆ, ದಾರಿಹೋಕರೂ ನೋಡಿ ತಲೆದೂಗುತ್ತಾರೆ. ಒಳಮೈಯನ್ನು ಬಲ್ಲವರು ಇಬ್ಬರೇ: ಮಾಡಿದವನು ಮತ್ತು ಅವನೊಳಗಿರುವ ಸಾಕ್ಷಿ. ಸುಣ್ಣ ಬಳಿದ ಗೋಡೆಯೊಳಗಿನ ಇಟ್ಟಿಗೆ, ಅಂಗಿಯ ಅಸ್ತರಿನ ಹಿಂದಿನ ಹೊಲಿಗೆ, ಚೀಲದ ತಳದಲ್ಲಿ ಬಿದ್ದಿರುವ ಕಾಳು, ಇವೆಲ್ಲವೂ ಒಳಮೈಗಳೇ. ಕಾಯಕವು ಶುದ್ಧವೋ ಅಶುದ್ಧವೋ ಎಂಬ ನಿರ್ಣಯವಾಗುವುದು ಈ ಒಳಮೈಯಲ್ಲಿಯೇ ಹೊರತು ಹೊರಮೈಯಲ್ಲಿ ಅಲ್ಲ.

ಹನ್ನೆರಡನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ಹೇಳುವಾಗ ದೂರದ ದೃಷ್ಟಾಂತಗಳನ್ನು ಅರಸಿಕೊಂಡು ಹೋದವರಲ್ಲ. ನುಲಿಯ ಚಂದಯ್ಯನಿಗೆ ಹುರಿ ಹೊಸೆಯುವ ಹುಲ್ಲು ಸಾಕಾಯಿತು. ಮಡಿವಾಳ ಮಾಚಯ್ಯನಿಗೆ ಬಟ್ಟೆಯ ಕೊಳೆ ಸಾಕಾಯಿತು. ಅಂಬಿಗರ ಚೌಡಯ್ಯನಿಗೆ ದೋಣಿ ಹುಟ್ಟುಗಳೇ ಶಾಸ್ತ್ರವಾದವು. ಮಾಡುವ ಕೆಲಸದಲ್ಲಿಯೇ ಅವರು ಪರಮಾರ್ಥವನ್ನು ಕಂಡರು. ಹಾಗಾದ ಮೇಲೆ ಇಂದಿನ ಕಾಲದ ಹೊಸ ಕಸುಬುಗಳಲ್ಲಿಯೂ ಆ ಪಾಠವು ದೊರೆಯಲೇಬೇಕಲ್ಲವೇ? ಯಂತ್ರದ ಸದ್ದು ತುಂಬಿದ ಶೆಡ್ಡಿನಲ್ಲಿ, ಮೋಟಾರು ಕಾರಿನ ಹೊಗೆಕೊಳವೆಯ ಸುತ್ತ ನಡೆಯುವ ಒಂದು ಕಸುಬು ಈ ಪಾಠವನ್ನು ಎಷ್ಟು ಸ್ಪಷ್ಟವಾಗಿ ಕಲಿಸುತ್ತದೆ ಎಂಬುದನ್ನು ಇಲ್ಲಿ ವಿಚಾರಿಸುವುದು ಉಚಿತವಾಗಿದೆ.

ಆ ಕಸುಬಿನ ಹೆಸರು ಟಿಗ್ ವೆಲ್ಡಿಂಗ್. ಕರ್ನಾಟಕದ ಕಾರ್ಖಾನೆಗಳಲ್ಲಿ ಕೆಲಸಗಾರರು ಇದನ್ನು ಆರ್ಗಾನ್ ವೆಲ್ಡಿಂಗ್ ಎಂದೇ ಕರೆಯುತ್ತಾರೆ. ಸಾಮಾನ್ಯ ವೆಲ್ಡಿಂಗಿನಲ್ಲಿ ಹಿಡಿದ ಕಡ್ಡಿಯೇ ಉರಿದು ಕರಗಿ ಬೆಸುಗೆಯಾಗುತ್ತದೆ. ಇಲ್ಲಿ ಹಾಗಲ್ಲ. ಟಾರ್ಚಿನ ತುದಿಯಲ್ಲಿ ಟಂಗ್‌ಸ್ಟನ್ ಎಂಬ ಲೋಹದ ಸಣ್ಣ ಕಡ್ಡಿಯಿರುತ್ತದೆ. ಅದು ಕರಗಬೇಕಾದರೆ 3400 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ಉಕ್ಕಾದರೋ 1400ರಿಂದ 1500 ಡಿಗ್ರಿಗಳೊಳಗೆ ನೀರಾಗುತ್ತದೆ. ಆದುದರಿಂದ ಟಂಗ್‌ಸ್ಟನ್ ತಾನು ಕರಗದೆ ನಿಂತು, ತನ್ನ ತುದಿಯಿಂದ ಹೊರಡುವ ವಿದ್ಯುತ್ತಿನ ಜ್ವಾಲೆಯಿಂದ ಎದುರಿನ ಉಕ್ಕನ್ನು ಕರಗಿಸುತ್ತದೆ. ಕರಗಿದ ಲೋಹರಸದ ಪುಟ್ಟ ಕೊಳಕ್ಕೆ ಇನ್ನೊಂದು ಕೈಯಿಂದ ಫಿಲ್ಲರ್ ಕಡ್ಡಿಯನ್ನು ಹನಿಹನಿಯಾಗಿ ಉಣಿಸಬೇಕು. ಟಾರ್ಚಿನ ಬಾಯಿಯಿಂದ ಸುತ್ತಲೂ ಆರ್ಗಾನ್ ಅನಿಲವು ಹರಿಯುತ್ತ, ಹೊರಗಿನ ಗಾಳಿಯು ಆ ಕೊಳವನ್ನು ಮುಟ್ಟದಂತೆ ಕಾಯುತ್ತದೆ.

ಈ ಆರ್ಗಾನಿನ ವೃತ್ತಾಂತವೇ ಒಂದು ಉಪದೇಶ. ಗಾಳಿಯಿಂದ ತೆಗೆದ ನೈಟ್ರೋಜನ್ನು ರಾಸಾಯನಿಕ ವಸ್ತುಗಳಿಂದ ತೆಗೆದ ನೈಟ್ರೋಜನ್ನಿಗಿಂತ ಸ್ವಲ್ಪ ಭಾರವಾಗಿರುವುದನ್ನು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ್‍ಯಾಲೆ ಗಮನಿಸಿದನು. ವ್ಯತ್ಯಾಸವು ನೂರಕ್ಕೆ ಅರ್ಧ ಪಾಲಿನಷ್ಟು ಮಾತ್ರ. ತೂಕದ ತಪ್ಪೆಂದು ಬೇರೊಬ್ಬನು ಬಿಟ್ಟುಬಿಡುತ್ತಿದ್ದನು, ಆತನು ಬಿಡಲಿಲ್ಲ. ವಿಲಿಯಂ ರ್‍ಯಾಮ್ಸೆಯೊಡನೆ ಕೂಡಿ ಶೋಧಿಸಿ 1894ರಲ್ಲಿ ಆ ಭಾರಕ್ಕೆ ಕಾರಣವಾದ ಹೊಸ ಅನಿಲವನ್ನು ಕಂಡುಹಿಡಿದನು. ಯಾವ ವಸ್ತುವಿನೊಡನೆಯೂ ಕೂಡದೆ, ಯಾವ ಕ್ರಿಯೆಗೂ ಇಳಿಯದೆ ಸುಮ್ಮನಿರುವ ಈ ಅನಿಲಕ್ಕೆ ಗ್ರೀಕ್ ಮಾತಿನಿಂದ ಆರ್ಗಾನ್ ಎಂದು ಹೆಸರಿಟ್ಟರು. ಆ ಮಾತಿನ ಅರ್ಥ ಕೆಲಸವಿಲ್ಲದ್ದು, ಸೋಮಾರಿ ಎಂದು! ಮನುಷ್ಯನು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಇದೇ ಅನಿಲವಿದ್ದರೂ ಅಲ್ಲಿಯವರೆಗೆ ಯಾರೂ ಅದನ್ನು ಅರಿತಿರಲಿಲ್ಲ. 1904ರಲ್ಲಿ ಆ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಮುಂದೆ ಯುದ್ಧಕಾಲ ಬಂದಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ನಾರ್ತ್ರಪ್ ವಿಮಾನ ಕಾರ್ಖಾನೆಯಲ್ಲಿ ಮೆಗ್ನೀಸಿಯಂ ಎಂಬ ಹಗುರಾದ ಲೋಹವನ್ನು ಬೆಸೆಯಬೇಕಾಯಿತು. ಕಾದಾಗ ಗಾಳಿ ತಗಲಿದರೆ ಉರಿದುಹೋಗುವ ಲೋಹವದು. ರಸೆಲ್ ಮೆರೆಡಿತ್ ಎಂಬ ಎಂಜಿನಿಯರನು ಟಂಗ್‌ಸ್ಟನ್ ಕಡ್ಡಿಯ ಸುತ್ತ ಹೀಲಿಯಂ ಅನಿಲವನ್ನು ಹರಿಸಿ ಬೆಸೆಯುವ ಉಪಾಯವನ್ನು ಸಾಧಿಸಿದನು; 1942ರಲ್ಲಿ ಅದಕ್ಕೆ ಪೇಟೆಂಟ್ ಲಭಿಸಿತು. ಹೀಲಿಯಮ್ಮಿನ ಸ್ಥಾನದಲ್ಲಿ ಕ್ರಮೇಣ ಆರ್ಗಾನ್ ಹೆಚ್ಚಾಗಿ ಬಳಕೆಗೆ ಬಂದಿತು. ಹೀಗೆ ಸೋಮಾರಿಯೆಂದು ಹೆಸರು ಹೊತ್ತುದು ಜಗತ್ತಿನ ಅತಿ ನಾಜೂಕಾದ ಬೆಸುಗೆಗೆ ಕಾವಲುಗಾರನಾಯಿತು. ಅದು ಬೆಸುಗೆಯಲ್ಲಿ ತಾನು ಸೇರುವುದಿಲ್ಲ, ಮುಗಿದ ಮೇಲೆ ತನ್ನ ಗುರುತನ್ನೂ ಉಳಿಸುವುದಿಲ್ಲ. ಅದು ಇಲ್ಲದಿದ್ದರೆ ಮಾತ್ರ ಎಲ್ಲವೂ ಕೆಡುತ್ತದೆ. ಮನೆಯಲ್ಲಿ ಮಾತಾಡದೆ ಕುಳಿತಿರುವ ಹಿರಿಯರ ಇರವೂ ಅನೇಕ ವೇಳೆ ಇಂಥದೇ ಅಲ್ಲವೇ?

ದೃಷ್ಟಾಂತಕ್ಕಾಗಿ ಈ ಕಸುಬನ್ನು ಕಲಿಯಬಂದ ಒಬ್ಬ ತರುಣನನ್ನು ಭಾವಿಸಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕೈಗಾರಿಕಾ ಬಡಾವಣೆಯಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿಯ ಹಿರಿಯ ಮಿಸ್ತ್ರಿಗೆ ಕಾರುಗಳ ಸೈಲೆನ್ಸರ್, ಮ್ಯಾನಿಫೋಲ್ಡ್ ಮೊದಲಾದುವನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅಳತೆಗೆ ತಕ್ಕಂತೆ ಮಾಡಿಕೊಡುವುದೇ ಕಾಯಕ. ಕಂಪನಿಯು ಮಾಡುವುದನ್ನು ನಿಲ್ಲಿಸಿರುವ ಹಳೆಯ ಕಾರುಗಳಿಗೆ ಬಿಡಿಭಾಗ ಸಿಗುವುದಿಲ್ಲ. ಅಂಥ ಕಾರಿನವರು ಇವನಲ್ಲಿಗೆ ಬರುತ್ತಾರೆ. ತರುಣನು ಐ.ಟಿ.ಐ. ಮುಗಿಸಿ ಬಂದವನು. ಬಂದ ಮೊದಲ ದಿನವೇ ಕೊಳವೆಗೆ ಕೈಹಾಕಬೇಕೆಂದು ಅವನ ಆಸೆ. ಮಿಸ್ತ್ರಿಯು ಅವನ ಮುಂದೆ ಚಪ್ಪಟೆ ತಗಡಿನ ತುಂಡುಗಳ ರಾಶಿಯನ್ನು ಇಟ್ಟನು. ಫಿಲ್ಲರ್ ಕಡ್ಡಿಯನ್ನೂ ಕೊಡಲಿಲ್ಲ. ಜ್ವಾಲೆಯನ್ನು ಹೊತ್ತಿಸಿ, ಲೋಹರಸದ ಕೊಳವನ್ನು ಎಬ್ಬಿಸಿ, ಅದನ್ನು ನೇರವಾಗಿ ನಡೆಸಿಕೊಂಡು ಹೋಗುವುದಷ್ಟೇ ಮೊದಲ ಪಾಠ.

ಆ ಪಾಠದ ಕಷ್ಟವು ಮಾಡಿದವನಿಗೇ ಗೊತ್ತು. ಬಲಗೈಯಲ್ಲಿ ಟಾರ್ಚು, ಎಡಗೈಯಲ್ಲಿ ಕಡ್ಡಿ, ಪಾದದ ಕೆಳಗೆ ವಿದ್ಯುತ್ತನ್ನು ಏರಿಸಿ ಇಳಿಸುವ ಪೆಡಲು. ಮೂರೂ ಬೇರೆ ಬೇರೆ ಕೆಲಸಗಳು; ಆದರೆ ಮನಸ್ಸು ಒಂದೇ. ಟಂಗ್‌ಸ್ಟನ್ನಿನ ತುದಿಗೂ ಲೋಹಕ್ಕೂ ನಡುವೆ ಎರಡು ಮಿಲಿಮೀಟರಿನಷ್ಟು ಮಾತ್ರ ಅಂತರವಿರಬೇಕು. ದೂರವಾದರೆ ಜ್ವಾಲೆ ಹರಡಿ ತಗಡು ಸುಡುತ್ತದೆ. ಹತ್ತಿರವಾದರೆ ತುದಿಯು ರಸದಲ್ಲಿ ಅದ್ದಿ ಮಲಿನವಾಗುತ್ತದೆ. ಒಮ್ಮೆ ಅದ್ದಿತೆಂದರೆ ಮುಂದೆ ಸಾಗುವಂತಿಲ್ಲ. ಜ್ವಾಲೆಯನ್ನು ಆರಿಸಿ, ಕಡ್ಡಿಯನ್ನು ಕಳಚಿ, ಸಾಣೆಗೆ ಹಿಡಿದು ಮತ್ತೆ ಚೂಪು ಮಾಡಬೇಕು. ಆ ಸಾಣೆಯ ಗೆರೆಗಳೂ ಕಡ್ಡಿಯ ಉದ್ದಕ್ಕೆ ಇರಬೇಕು. ಅಡ್ಡಕ್ಕಿದ್ದರೆ ಜ್ವಾಲೆಯು ಅಲೆದಾಡುತ್ತದೆ. ತರುಣನು ಮೊದಲ ದಿನ ಬೆಸೆದುದಕ್ಕಿಂತ ಸಾಣೆ ಹಿಡಿದುದೇ ಹೆಚ್ಚಾಯಿತು. ಕೆಟ್ಟ ತುದಿಯಿಂದಲೇ ಇನ್ನಿಷ್ಟು ಮಾಡಿಬಿಡೋಣವೆಂಬ ಆತುರವನ್ನು ಗೆಲ್ಲುವುದೇ ಈ ವಿದ್ಯೆಯ ಅಕ್ಷರಾಭ್ಯಾಸ. ಕೋಪದಿಂದ ಕದಡಿದ ಮನಸ್ಸಿನಿಂದಲೇ ಮಾತನ್ನು ಮುಂದುವರಿಸುವ ಗೃಹಸ್ಥನು ಈ ಅಕ್ಷರವನ್ನು ಇನ್ನೂ ತಿದ್ದಿಲ್ಲವೆಂದೇ ತಿಳಿಯಬೇಕು.

ಎರಡನೆಯ ಪಾಠ ಶುಚಿತ್ವದ್ದು. ಎಣ್ಣೆ, ಬಣ್ಣ, ಬೆರಳಿನ ಜಿಡ್ಡು, ಇವುಗಳಲ್ಲಿ ಯಾವುದಿದ್ದರೂ ಬೆಸುಗೆ ಕೆಡುತ್ತದೆ. ಕೊಯ್ದ ಅಂಚನ್ನು ಅರದಿಂದ ಉಜ್ಜಿ, ಒಳಗೂ ಹೊರಗೂ ಮುಳ್ಳು ತೆಗೆದು, ಅಸಿಟೋನಿನಿಂದ ಒರೆಸಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ಬಳಸುವ ತಂತಿ ಬ್ರಷ್ಷನ್ನು ಬೇರೆ ಕಬ್ಬಿಣಕ್ಕೆ ತಾಗಿಸಬಾರದು. ತಾಗಿಸಿದರೆ ಆ ಕಬ್ಬಿಣದ ಕಣಗಳೇ ಬಂದು ಕೂತು ತುಕ್ಕಿಗೆ ಬೀಜವಾಗುತ್ತವೆ. ಉಳಿದ ವೆಲ್ಡಿಂಗುಗಳು ಅಲ್ಪಸ್ವಲ್ಪ ಕೊಳೆಯನ್ನು ಸಹಿಸಿಕೊಳ್ಳಬಹುದು, ಇದು ಸಹಿಸುವುದಿಲ್ಲ. ಸೂಕ್ಷ್ಮವಾದ ವಿದ್ಯೆಗೆ ಸೂಕ್ಷ್ಮವಾದ ಆಚಾರವೇ ಬೇಕಾಗುತ್ತದೆ.

ಮೂರನೆಯದು ಹೊಂದಿಕೆ. ಕಾರಿನ ಕೆಳಗಿನ ಇಕ್ಕಟ್ಟಿನಲ್ಲಿ ಕೊಳವೆಯು ಸುತ್ತಿ ಬಳಸಿ ಹೋಗಬೇಕು. ನೇರವಾದ ಕೊಳವೆಯನ್ನು ಓರೆಯಾಗಿ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಒಂದೊಂದನ್ನೂ ತಿರುಗಿಸಿ ಕೂಡಿಸುತ್ತ ಬಂದರೆ ತಿರುವು ಸಿದ್ಧವಾಗುತ್ತದೆ. ಕೊಳವೆಯ ಗೋಡೆಯ ದಪ್ಪ ಒಂದೂವರೆ ಮಿಲಿಮೀಟರು ಮಾತ್ರ. ಎರಡು ಬಿಲ್ಲೆಗಳು ಸೇರುವಲ್ಲಿ ಬೆಳಕು ತೂರುವಷ್ಟು ಸಂದಿಯಿದ್ದರೂ ಜ್ವಾಲೆ ತಾಗಿದೊಡನೆ ಅಂಚುಗಳು ಹಿಂದೆ ಸರಿದು ತೂತಾಗುತ್ತದೆ. ತರುಣನು ಆ ಸಂದಿಯನ್ನು ಫಿಲ್ಲರ್ ಕಡ್ಡಿಯಿಂದ ತುಂಬಿಬಿಡಲು ನೋಡಿದನು. ಮಿಸ್ತ್ರಿಯು ತಡೆದು, “ತಮ್ಮಾ, ಅರದ ಕೆಲಸವನ್ನು ಕಡ್ಡಿಗೆ ಹೇಳಬೇಡ” ಎಂದನು. ಹೆಚ್ಚು ತುಂಬಿದ ಲೋಹವು ಬಲವಲ್ಲ. ಒಳಗೆ ಇಳಿದು ಹೊಗೆಯ ದಾರಿಯನ್ನು ಅಡ್ಡಗಟ್ಟುವ ಗಂಟು ಅದು. ಮಹಾಮನೆಯ ಅಂಗಳದಿಂದ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಬೇಕಾದುದಕ್ಕಿಂತ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಭಕ್ತರೆಲ್ಲರೂ ಬಲ್ಲರು. ಬೇಕಾದಷ್ಟು ಮಾತ್ರ, ಬೇಕಾದ ಕಡೆಯಲ್ಲಿ ಮಾತ್ರ ಎಂಬ ಆ ತಾಯಿಯ ಲೆಕ್ಕವು ಬೆಸುಗೆಯ ಕಡ್ಡಿಗೂ ಸಲ್ಲುತ್ತದೆ.

ತಿಂಗಳುಗಳು ಕಳೆದವು. ತರುಣನ ಕೈ ಕುದುರಿತು. ನಾಲ್ಕು ಸಿಲಿಂಡರಿನ ಒಂದು ಹಳೆಯ ಕಾರು ಶೆಡ್ಡಿಗೆ ಬಂದಿತು. ಎಂಜಿನ್ನಿನಿಂದ ಹೊರಡುವ ನಾಲ್ಕು ಕೊಳವೆಗಳು ಕೆಳಗೆ ಬಂದು ಒಂದಾಗುವ ಮ್ಯಾನಿಫೋಲ್ಡನ್ನು ಹೊಸದಾಗಿ ಮಾಡಬೇಕಾಗಿತ್ತು. ಕಾರಿನ ಯಜಮಾನನು ತನ್ನ ಮನೆಮಂದಿಯೊಡನೆ ಪ್ರಯಾಣ ಹೊರಡುವವನಿದ್ದನು. ಮರುದಿನ ಬೆಳಿಗ್ಗೆ ಬರುವೆನೆಂದು ಹೇಳಿ ಹೋದನು. ಇಡಿಯ ಕೆಲಸವನ್ನು ಮಿಸ್ತ್ರಿಯು ತರುಣನಿಗೇ ಒಪ್ಪಿಸಿದನು. ತನ್ನ ಹೆಸರಿನಲ್ಲಿ ದೊರೆಯುವ ಮೊದಲ ಕೂಲಿಯೆಂದು ತರುಣನು ಮನೆಯಲ್ಲಿ ತಾಯಿಗೂ ಹೇಳಿಬಿಟ್ಟಿದ್ದನು.

ಅವನು ಶ್ರದ್ಧೆಯಿಂದಲೇ ಮಾಡಿದನು. ಎಂಜಿನ್ನಿಗೆ ಕೂರುವ ಫ್ಲೇಂಜು ದಪ್ಪ, ಕೊಳವೆ ತೆಳುವು. ಎರಡಕ್ಕೂ ಸಮನಾಗಿ ಶಾಖ ಕೊಟ್ಟರೆ ತೆಳುವಾದುದು ಸುಟ್ಟುಹೋಗುತ್ತದೆ, ದಪ್ಪವಾದುದು ಕರಗುವುದೇ ಇಲ್ಲ. ಜ್ವಾಲೆಯನ್ನು ದಪ್ಪದ ಕಡೆಗೆ ಒರಗಿಸಿ, ರಸವನ್ನು ಮೆಲ್ಲನೆ ತೆಳುವಿನ ಕಡೆಗೆ ಕರೆದುಕೊಂಡು ಬರಬೇಕು. ಫ್ಲೇಂಜು ಸೊಟ್ಟಗಾಗದಂತೆ ಅದನ್ನು ದಪ್ಪವಾದ ಹಲಗೆಗೆ ಬೋಲ್ಟು ಹಾಕಿ ಬಿಗಿದು, ಒಂದೇ ಕಡೆ ಶಾಖ ಕೂಡದಂತೆ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಬೆಸೆದನು. ಮದುವೆಯಾಗಿ ಬಂದ ಸೊಸೆಯನ್ನೂ ಬಹುಕಾಲದಿಂದ ಗಟ್ಟಿಯಾಗಿರುವ ಅತ್ತೆಮನೆಯನ್ನೂ ಕೂಡಿಸಬೇಕಾದ ಹಿರಿಯರಿಗೆ ಈ ಉಪಾಯವು ತಿಳಿದಿದ್ದರೆ ಎಷ್ಟೋ ಮನೆಗಳು ನೆಮ್ಮದಿಯಿಂದಿರುತ್ತಿದ್ದವು. ತಾಪವನ್ನು ತಡೆಯಬಲ್ಲವರ ಕಡೆಗೆ ತಿರುಗಿಸಬೇಕೇ ಹೊರತು ಎಳೆಯದರ ಮೇಲೆ ಸುರಿಯಬಾರದು.

ನಾಲ್ಕು ಕೊಳವೆಗಳು ಸೇರುವ ನಡುವಣ ಮೂಲೆಯನ್ನು ಅವನು ಮೊದಲೇ ಬೆಸೆದುಕೊಂಡಿದ್ದನು. ಹೊರಗಿನದು ಮುಗಿದ ಮೇಲೆ ಅಲ್ಲಿಗೆ ಟಾರ್ಚು ಹೋಗುವುದಿಲ್ಲ. ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಬೆಸುಗೆಯ ಗೆರೆಗಳು ನಾಣ್ಯಗಳನ್ನು ಒಂದರ ಮೇಲೊಂದು ಒರಗಿಸಿಟ್ಟಂತೆ ಸಮಸಮನಾಗಿ ಹೊಳೆಯುತ್ತಿದ್ದವು. ಶೆಡ್ಡಿನ ಉಳಿದ ಹುಡುಗರು ಸುತ್ತ ನೆರೆದು ಕೊಂಡಾಡಿದರು. ಮಿಸ್ತ್ರಿಯು ಅದನ್ನು ಕೈಗೆತ್ತಿಕೊಂಡು, ಹೊರಗೆ ಒಮ್ಮೆ ನೋಡಿ, ಬಳಿಕ ಕಿರುದೀಪವನ್ನು ಕೊಳವೆಯೊಳಗೆ ಹಿಡಿದನು. ಬಹಳ ಹೊತ್ತು ಮಾತಾಡಲಿಲ್ಲ.

“ಒಳಗೆ ಗ್ಯಾಸು ಬಿಟ್ಟಿದ್ದೆಯಾ, ತಮ್ಮಾ?”

ತರುಣನು ತಲೆ ತಗ್ಗಿಸಿದನು. ಸಿಲಿಂಡರಿನಲ್ಲಿ ಆರ್ಗಾನ್ ಕಡಮೆಯಿತ್ತು, ಹೊತ್ತೂ ಇರಲಿಲ್ಲ. ಆದುದರಿಂದ ಹೊರಗಿನ ಬೆಸುಗೆಗಷ್ಟೇ ಅನಿಲವನ್ನು ಉಳಿಸಿಕೊಂಡು, ಕೊಳವೆಯ ಒಳಗೆ ತುಂಬುವುದನ್ನು ಬಿಟ್ಟಿದ್ದನು.

ಇಲ್ಲಿಯೇ ಈ ಕಸುಬಿನ ಮರ್ಮವಿದೆ. ಟಾರ್ಚಿನ ಆರ್ಗಾನು ಹೊರಮೈಯನ್ನು ಮಾತ್ರ ಕಾಯುತ್ತದೆ. ತೆಳುವಾದ ಗೋಡೆಯು ಕರಗಿದಾಗ ಅದರ ಒಳಮೈಯೂ ಕರಗಿರುತ್ತದೆ. ಅಲ್ಲಿ ಬರಿಯ ಗಾಳಿಯಿದ್ದರೆ, ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಪಾಡುವ ಕ್ರೋಮಿಯಂ ಕೂಡ ಉರಿದು ಕರಕಾಗುತ್ತದೆ. ಬೆಸುಗೆಯ ತಳವು ಕಪ್ಪಾಗಿ, ಹರಳು ಹರಳಾಗಿ, ಹುರುಬುರುಕಾಗಿ ಉಬ್ಬುತ್ತದೆ. ಕುಶಲಿಗರು ಇದನ್ನು ಸಕ್ಕರೆ ಕಟ್ಟುವುದು ಎನ್ನುತ್ತಾರೆ. ನೋಡಲು ಸಕ್ಕರೆಯ ಹರಳಿನಂತಿರುವ ಇದರಲ್ಲಿ ಸಿಹಿಯೇನೂ ಇಲ್ಲ. ಇದನ್ನು ತಪ್ಪಿಸಬೇಕಾದರೆ ಕೊಳವೆಯ ಬಾಯಿಗಳನ್ನು ಮುಚ್ಚಿ, ಒಂದು ಕಡೆಯಿಂದ ಆರ್ಗಾನನ್ನು ಮೆಲ್ಲಗೆ ಒಳಗೆ ಬಿಟ್ಟು, ಇನ್ನೊಂದು ಕಡೆ ಸಣ್ಣ ರಂಧ್ರದಿಂದ ಗಾಳಿಯು ಹೊರಹೋಗುವಂತೆ ಮಾಡಬೇಕು. ಆರ್ಗಾನು ಗಾಳಿಗಿಂತ ಭಾರವಾದುದರಿಂದ ಕೆಳಗಿನಿಂದ ತುಂಬುತ್ತ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಒಳಗಿನ ಗಾಳಿಯೆಲ್ಲ ಹೋಗುವವರೆಗೆ ಕಾದು, ಆಮೇಲೆಯೇ ಜ್ವಾಲೆ ಹೊತ್ತಿಸಬೇಕು. ಹೊರಗಿನವರ ಕಣ್ಣಿಗೆ ಇದು ಕಾಣದ ಖರ್ಚು, ಕಾಣದ ಕಾಲ, ಕಾಣದ ದುಡಿಮೆ.

“ಒಳಗೆ ಯಾರು ನೋಡುತ್ತಾರೆ, ಕಾಕಾ?” ಎಂದು ತರುಣನು ಮೆಲ್ಲಗೆ ಕೇಳಿದನು. “ಮುಂಜಾನೆ ಅವರು ಬರುತ್ತಾರೆ. ಕೊಳವೆಗೆ ಹಾಕಿದ ದುಡ್ಡೂ ಹೋಗುತ್ತದೆ.”

ಮಿಸ್ತ್ರಿಯು ಗದರಲಿಲ್ಲ. “ಯಾರೂ ನೋಡುವುದಿಲ್ಲ” ಎಂದನು. “ಕಾರಿನಲ್ಲಿ ಕೂರುವವರಂತೂ ಎಂದಿಗೂ ನೋಡುವುದಿಲ್ಲ. ಅವರು ನಿನ್ನನ್ನು ನಂಬಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾರೆ.” ಅಷ್ಟು ಹೇಳಿ ಆ ಮ್ಯಾನಿಫೋಲ್ಡನ್ನು ವೈಸಿನ ಪಕ್ಕದಲ್ಲಿಟ್ಟು, ಕೈ ತೊಳೆಯಲು ಹೋದನು.

ಆ ಮಾತಿನ ಹಿಂದೆ ಇದ್ದ ಸತ್ಯವನ್ನು ಓದುಗರು ಅರಿಯಬೇಕು. ಎಂಜಿನ್ನು ಭಾರ ಎಳೆಯುವಾಗ ಈ ಕೊಳವೆಗಳೊಳಗೆ ಹರಿಯುವ ಹೊಗೆಯ ಶಾಖವು 800 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಒಂದು ಮೀಟರ್ ಉದ್ದದ ಸ್ಟೇನ್‌ಲೆಸ್ ಕೊಳವೆಯು 600 ಡಿಗ್ರಿ ಕಾದರೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಆರಿದಾಗ ಮತ್ತೆ ಕುಗ್ಗುತ್ತದೆ. ಪ್ರತಿ ಪ್ರಯಾಣದಲ್ಲಿಯೂ ಈ ಹಿಗ್ಗು ಕುಗ್ಗು, ಅದರ ಜೊತೆಗೆ ಎಂಜಿನ್ನಿನ ನಡುಕ. ಸಕ್ಕರೆ ಕಟ್ಟಿದ ತಳದ ಒಂದೊಂದು ಹರಳೂ ಬಿರುಕಿಗೆ ಬಾಗಿಲು. ಒಂದು ದಿನ ಬಿರುಕು ಹೊರಮೈಗೂ ಬರುತ್ತದೆ. ಆ ಬಿರುಕಿನಿಂದ ಹೊರಬೀಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿಕೊಂಡು ಹೋಗುವ ಕಾರಿನೊಳಗೆ ಅದು ನುಸುಳಿದರೆ ಕುಳಿತವರಿಗೆ ತಲೆನೋವು, ಮಂಪರು, ಹೆಚ್ಚಾದರೆ ಮರಣ. ಒಳಮೈಯ ಸುಳ್ಳು ಒಳಗೇ ಉಳಿಯುವುದಿಲ್ಲ. ಅದು ಇನ್ನೊಬ್ಬರ ಉಸಿರಿನವರೆಗೂ ಹೋಗುತ್ತದೆ.

ಆ ರಾತ್ರಿ ತರುಣನು ಹ್ಯಾಕ್ಸಾ ಹಿಡಿದು ತಾನೇ ಬೆಸೆದ ಗೆರೆಗಳ ಮಗ್ಗುಲಲ್ಲಿ ಒಂದೊಂದಾಗಿ ಕೊಯ್ದನು. ಕೊಯ್ದ ತುಂಡನ್ನು ದೀಪದ ಕೆಳಗೆ ಹಿಡಿದನು. ಹೊರಗೆ ನಾಣ್ಯದ ಸಾಲು. ಒಳಗೆ ಕರಿಯ ಹರಳಿನ ಹುಣ್ಣು. ಎರಡೂ ಒಂದೇ ಗೆರೆಯ ಎರಡು ಮೈಗಳು! ಹೊಗಳಿದ ಹುಡುಗರು ಒಂದನ್ನು ಕಂಡಿದ್ದರು, ಮಿಸ್ತ್ರಿಯು ಇನ್ನೊಂದನ್ನು ಕಂಡಿದ್ದನು. ಮಾಡಿದವನು ಮಾತ್ರ ಎರಡನ್ನೂ ಮೊದಲಿನಿಂದಲೇ ಬಲ್ಲವನಾಗಿದ್ದನು.

ಮುಂಜಾನೆ ಬಂದ ಯಜಮಾನನಿಗೆ ಕೆಲಸ ಕೆಟ್ಟಿತೆಂದೂ ಮತ್ತೆ ಮಾಡಬೇಕೆಂದೂ ತರುಣನೇ ಹೇಳಿದನು. ಅವನು ಸಿಟ್ಟಾದನು, ಸಿಟ್ಟಾಗುವುದು ಸಹಜವೇ. ಮನೆಮಂದಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದನು. ವಾರದ ಮೇಲೆ ಹೊಸ ಮ್ಯಾನಿಫೋಲ್ಡು ಸಿದ್ಧವಾಯಿತು. ಈ ಸಲ ಒಳಗೆ ಆರ್ಗಾನು ತುಂಬಿ, ಗಾಳಿ ಹೋಗುವವರೆಗೆ ಕಾದು, ಅನಂತರ ಬೆಸೆದದ್ದು. ಯಜಮಾನನು ಬಂದು ಹೊರಗಿನದನ್ನು ನೋಡಿ, ಕೂಲಿ ಕೊಟ್ಟು ಹೋದನು. ಒಳಗೆ ಹೇಗಿದೆ ಎಂದು ಅವನು ಕೇಳಲಿಲ್ಲ. ಕೇಳಲು ಅವನಿಗೆ ತಿಳಿದೂ ಇರಲಿಲ್ಲ. ಹಾಳಾದ ಕೊಳವೆಯ ಬೆಲೆಯನ್ನು ಕಳೆದಾಗ ತರುಣನ ಕೈಗೆ ಬಂದ ಹಣ ಅಲ್ಪ. ಅದನ್ನೇ ಒಯ್ದು ತಾಯಿಯ ಕೈಯಲ್ಲಿಟ್ಟನು. ಈ ಕಥೆಯಲ್ಲಿ ಬೇರೆ ಪವಾಡವೇನೂ ಇಲ್ಲ.

ಹೊಸ ಕೆಲಸವನ್ನು ಮಾಡುವಾಗ ಮಿಸ್ತ್ರಿಯು ಇನ್ನೆರಡು ಮಾತುಗಳನ್ನು ಕಲಿಸಿದನು. ಜ್ವಾಲೆ ಆರಿದೊಡನೆ ಟಾರ್ಚನ್ನು ಎತ್ತಬಾರದು. ಲೋಹವು ಇನ್ನೂ ಕೆಂಪಾಗಿರುತ್ತದೆ. ಯಂತ್ರವು ಕೆಲವು ಕ್ಷಣ ಅನಿಲವನ್ನು ಹರಿಸುತ್ತಲೇ ಇರುತ್ತದೆ. ಬೆಸುಗೆಯು ತಣ್ಣಗಾಗುವವರೆಗೆ ಕೈಯನ್ನು ಅಲ್ಲಿಯೇ ಹಿಡಿದಿರಬೇಕು. ಕೆಲಸ ಮುಗಿಯಿತೆಂದು ಥಟ್ಟನೆ ಕೈ ತೆಗೆದರೆ ಕೊನೆಯ ಹನಿ ಕರಕಾಗಿ, ಬಿರುಕು ಅಲ್ಲಿಂದಲೇ ಮೊದಲಾಗುತ್ತದೆ. ಉಪಕಾರ ಮಾಡಿ ಒಡನೆ ಮುಖ ತಿರುಗಿಸುವವರೂ, ಮಗನಿಗೆ ಬುದ್ಧಿ ಹೇಳಿ ಆ ಗಾಯ ಆರುವ ಮುನ್ನ ಎದ್ದುಹೋಗುವ ತಂದೆಯೂ ಈ ಮಾತನ್ನು ನೆನೆಯಬೇಕು.

ಎರಡನೆಯದು ಬಣ್ಣದ ಮಾತು. ಸ್ಟೇನ್‌ಲೆಸ್ ಸ್ಟೀಲಿನ ಬೆಸುಗೆಯ ಮೇಲೆ ಶಾಖದಿಂದ ಬಣ್ಣಗಳೇಳುತ್ತವೆ. ತಿಳಿ ಹೊನ್ನಿನ ಬಣ್ಣವು ಶಾಖವೂ ಕಾವಲೂ ಸರಿಯಾಗಿದ್ದುದರ ಗುರುತು. ನೀಲಿ ನೇರಳೆಗಳು ಕಾಮನಬಿಲ್ಲಿನಂತೆ ಕಣ್ಣು ಸೆಳೆಯುತ್ತವೆ. ಆದರೆ ಅವು ಶಾಖ ಹೆಚ್ಚಾಯಿತು, ಕಾವಲು ತೆಳುವಾಯಿತು ಎಂದು ಹೇಳುವ ಬಣ್ಣಗಳು. ಬೂದುಬಣ್ಣ ಬಂದರೆ ಲೋಹ ಕೆಟ್ಟಿತೆಂದೇ ಅರ್ಥ. ಹೊಸಬರು ನೀಲಿಗೆ ಮರುಳಾಗುತ್ತಾರೆ, ಬಲ್ಲವರು ಮಂಕಾದ ಹೊನ್ನಿಗೆ ತೃಪ್ತರಾಗುತ್ತಾರೆ. ಧರ್ಮಕಾರ್ಯದ ಆಡಂಬರಕ್ಕೂ ಇದೇ ಮಾತು ಸಲ್ಲುತ್ತದೆ.

ಕಾಯಕವು ಕಾಯದಿಂದ ಆಗಬೇಕಾದುದರಿಂದ ಕಾಯವನ್ನು ಕಾಪಾಡುವುದೂ ಕಾಯಕದ ಅಂಗವೇ. ಈ ಜ್ವಾಲೆಯನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣಿನಲ್ಲಿ ಮರಳು ಸುರಿದಂತೆ ಉರಿಯುತ್ತದೆ. ಕಪ್ಪು ಗಾಜಿನ ಮುಖಗವಸು, ಕೈಗವಸು, ತುಂಬು ತೋಳಿನ ಅಂಗಿ ಇಲ್ಲದೆ ಕೂರಬಾರದು. ಸತುವು ಲೇಪಿಸಿದ ಕೊಳವೆಯನ್ನು ಲೇಪ ತೆಗೆಯದೆ ಬೆಸೆದರೆ ಅದರ ಹೊಗೆಯಿಂದ ಜ್ವರ ಬರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹದ ಮೇಲೆ ಜ್ವಾಲೆ ಹೊತ್ತಿಸಿದರೆ ಫಾಸ್ಜೀನ್ ಎಂಬ ಘೋರ ವಿಷಾನಿಲ ಹುಟ್ಟಬಹುದು. ಅಸಿಟೋನಿನಿಂದ ಒರೆಸಿದರೂ ಅದು ಪೂರ್ತಿ ಆರಿದ ಮೇಲೆಯೇ ಕಿಡಿ ಹೊತ್ತಿಸಬೇಕು. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ಶ್ವಾಸಕೋಶಕ್ಕೆ ಕೇಡು ತರುವ ಕ್ರೋಮಿಯಮ್ಮಿನ ಅಂಶವಿರುತ್ತದೆ. ಆರ್ಗಾನು ತಾನು ವಿಷವಲ್ಲದಿದ್ದರೂ, ಮುಚ್ಚಿದ ಕೋಣೆಯಲ್ಲಿ ಸೋರಿ ತುಂಬಿದರೆ ಸದ್ದಿಲ್ಲದೆ ಉಸಿರು ಕಟ್ಟಿಸುತ್ತದೆ. ಆದುದರಿಂದ ಶೆಡ್ಡಿಗೆ ಗಾಳಿ ಬೆಳಕು ಇರಲೇಬೇಕು. ಮಕ್ಕಳನ್ನು ಈ ಕಸುಬಿಗೆ ಕಳುಹಿಸುವ ತಂದೆತಾಯಿಗಳು ಕೂಲಿಯನ್ನು ಕೇಳುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳತಕ್ಕದ್ದು.

ಕಡೆಯದಾಗಿ ಇನ್ನೊಂದು ವಿಚಾರವುಂಟು. ಬೆಸುಗೆ ಶುದ್ಧವಾದರೆ ಸಾಲದು, ಬೆಸೆಯುವ ಉದ್ದೇಶವೂ ಶುದ್ಧವಾಗಿರಬೇಕು. ಸೈಲೆನ್ಸರ್ ಎಂಬ ಮಾತಿನ ಅರ್ಥವೇ ಸದ್ದನ್ನು ಅಡಗಿಸುವುದು. ಕೆಲವರು ಅದರ ಒಳಗಿನದನ್ನು ಕಿತ್ತು, ಬೀದಿಯೇ ನಡುಗುವಂತೆ ಸದ್ದು ಬರುವ ಕೊಳವೆ ಮಾಡಿಕೊಡಿರೆಂದು ಕೇಳಿಕೊಂಡು ಬರುತ್ತಾರೆ. ಕೂಲಿಯನ್ನೂ ಇಮ್ಮಡಿ ಕೊಡುವುದಾಗಿ ಹೇಳುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಪ್ರತಿಯೊಂದು ವಾಹನಕ್ಕೂ ಸದ್ದಡಗಿಸುವ ಸಾಧನವಿರಬೇಕೆಂಬ ವಿಧಿಯಿದೆ. ಕಾನೂನು ಹೇಳದಿದ್ದರೂ, ತೊಟ್ಟಿಲಲ್ಲಿ ಮಲಗಿರುವ ಕೂಸನ್ನೂ ಹಾಸಿಗೆಯಲ್ಲಿರುವ ರೋಗಿಯನ್ನೂ ಬೆಚ್ಚಿಬೀಳಿಸುವ ವಸ್ತುವನ್ನು ಮಾಡಿಕೊಡುವುದು ಕಾಯಕವಾದೀತೇ? ಸಮಾಜಕ್ಕೆ ದಾಸೋಹವಾಗಿ ಸಲ್ಲುವಂಥದು ಕಾಯಕ. ಸಮಾಜದ ನೆಮ್ಮದಿಯನ್ನು ಕದಿಯುವಂಥದು ಎಷ್ಟೇ ಕುಶಲವಾಗಿದ್ದರೂ ಬರಿಯ ಸಂಪಾದನೆ. ಹಿರಿಯ ಮಿಸ್ತ್ರಿಯು ಅಂಥವರಿಗೆ ಕೈಮುಗಿದು ಕಳುಹಿಸಿಬಿಡುತ್ತಿದ್ದನು. ಶಿಷ್ಯನಿಗೆ ಅದೂ ಒಂದು ಪಾಠವಾಯಿತು.

ನುಲಿಯ ಚಂದಯ್ಯನು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳ ಲಿಂಗವು ಜಾರಿ ನೀರಿಗೆ ಬಿದ್ದರೂ ಕಾಯಕವನ್ನು ಬಿಡಲಿಲ್ಲವೆಂದೂ, ಆ ಲಿಂಗವೇ ಅವನ ಬೆನ್ನಟ್ಟಿ ಬಂದಿತೆಂದೂ ಶರಣರ ಕಥೆಗಳು ಹೇಳುತ್ತವೆ. ಕೆರೆಯ ದಂಡೆಯಲ್ಲಿ ಅವನನ್ನು ನೋಡುವವರು ಯಾರಿದ್ದರು? ಹುರಿಯ ಎಳೆಯೊಳಗಿನ ಎಳೆಯನ್ನು ಪರೀಕ್ಷಿಸುವವರು ಯಾರಿದ್ದರು? ಆದರೂ ಅವನ ಹುರಿ ಗಟ್ಟಿಯಾಗಿತ್ತು. ಕಾಣದ ಕಡೆಯಲ್ಲಿ ಮಾಡಿದ ಕೆಲಸವೇ ಅವನ ಪೂಜೆಯಾಗಿತ್ತು.

ಭಕ್ತರೇ, ಪ್ರತಿಯೊಬ್ಬ ಗೃಹಸ್ಥನೂ ದಿನದಿನವೂ ಏನನ್ನಾದರೂ ಬೆಸೆಯುತ್ತಲೇ ಇರುತ್ತಾನೆ. ಅಂಗಡಿಯವನು ಗಿರಾಕಿಯ ವಿಶ್ವಾಸವನ್ನು, ಉಪಾಧ್ಯಾಯನು ಮಗುವಿನ ಬುದ್ಧಿಯನ್ನು, ದಂಪತಿಗಳು ಎರಡು ಕುಲಗಳನ್ನು ಬೆಸೆಯುತ್ತಾರೆ. ಹೊರಮೈಯ ಗೆರೆ ನೇರವಾಗಿರಲಿ, ಹೊಳೆಯಲಿ, ಅದು ಬೇಡವೆಂದಲ್ಲ. ಆದರೆ ರಾತ್ರಿ ಮಲಗುವ ಮುನ್ನ ಅವನು ಕಿರುದೀಪವನ್ನು ಒಳಗೆ ಹಿಡಿದು ನೋಡಲಿ. ಅಲ್ಲಿ ಕರಿಯ ಹರಳು ಕಟ್ಟಿದ್ದರೆ, ಬೇರೆಯವರು ಕೊಯ್ದು ತೋರಿಸುವವರೆಗೆ ಕಾಯದೆ ತಾನೇ ಕೊಯ್ದು ಮತ್ತೆ ಬೆಸೆಯುವ ಧೈರ್ಯವು ಎಲ್ಲರಿಗೂ ದೊರೆಯಲಿ.